ಪ್ರಾಜಕ್ತಾಳಿಗೆ ಬರದ ಕೆಂಪು ಗೆರೆ

ನನ್ನ ಹೆಂಡತಿ ಪ್ರಾಜಕ್ತಾ ಆಸ್ಪತ್ರೆಯಿಂದ ಜಮಖಂಡಿಯ ಮನೆಗೆ ಮರಳಿದ ಮಧ್ಯಾಹ್ನ ನಡೆದದ್ದು ಇದು. ಕಾಯಿಲೆ ಪೂರ್ತಿ ಹೋಗಿದೆ ಎಂದು ಡಾಕ್ಟರು ಹೇಳಿದ್ದರು.

"ನಂದೊಂದು ಫೋಟೊ ತಗೀರಿ," ಎಂದು ಅವಳು ಹೊಸ ಸೀರೆಯುಟ್ಟು ಹಿತ್ತಲ ಬಾಗಿಲಲ್ಲಿ ನಿಂತಳು.

ನನ್ನ ಹೊಸ ಕ್ಯಾಮೆರಾಕ್ಕೆ ನಮ್ಮ ಕಾಕಾನ ಹಳೆಯ ಲೆನ್ಸ್ ಹಾಕಿದ್ದೆ. ಅದರ ಫೋಕಸ್ಸನ್ನು ಕೈಯಿಂದಲೇ ತಿರುಗಿಸಬೇಕು. ಯಾವುದು ಸ್ಪಷ್ಟವಾಗುತ್ತದೋ ಅದರ ಅಂಚಿಗೆ ಪರದೆಯ ಮೇಲೆ ಕೆಂಪು ಗೆರೆ ಮೂಡುತ್ತದೆ. ರಿಂಗು ತಿರುಗಿಸಿದೆ. ಹೊಸ್ತಿಲಿಗೆ ಗೆರೆ ಬಂತು, ಆಮೇಲೆ ಚೌಕಟ್ಟಿಗೆ, ಆಮೇಲೆ ಅವಳ ಹಿಂದಿನ ಬೇವಿನ ಎಲೆಗಳಿಗೆ. ಅವಳಿಗೆ ಮಾತ್ರ ಬರಲಿಲ್ಲ. ತಿರುಗಿಸಿದಷ್ಟೂ ಅವಳು ಮಸುಕಾಗುತ್ತ ಹೋದಳು. ಆ ಉರಿಬಿಸಿಲಿನಲ್ಲೂ ಲೆನ್ಸಿನ ಲೋಹ ಬಾವಿಯ ನೀರಿನಂತೆ ತಣ್ಣಗಿತ್ತು.

"ಬಂತೇನ್ರಿ?"

"ಬಂತು, ಛಲೋ ಬಂತು," ಎಂದು ಸುಳ್ಳು ಹೇಳಿ ಗುಂಡಿ ಒತ್ತಿಬಿಟ್ಟೆ.

ಫೋಟೊ ನೋಡಲು ಅವಳು ನನ್ನ ಹತ್ತಿರ ಬಂದಳು. ಅಷ್ಟರಲ್ಲಿ ಅತ್ತೆ ಮಥುರಾಬಾಯಿಯೂ ಬಂದರು. ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡೇ ಕ್ಯಾಮೆರಾದ ಪರದೆಯೊಳಗೆ ಇಣುಕಿದರು.

"ಅಯ್ಯ, ಖಾಲಿ ಬಾಗಲದ ಫೋಟೊ ಯಾಕ ತಗದೀರಿ, ಅಜಿತರಾವ್?"

ನಾನೂ ನೋಡಿದೆ. ಹೊಸ್ತಿಲು, ಚೌಕಟ್ಟು, ಬೇವು ಎಲ್ಲ ಇದ್ದವು. ಪ್ರಾಜಕ್ತಾ ಕ್ಯಾಮೆರಾ ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ತಾಯಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಕೇಳಿದಳು:

"ಆಯಿ, ನಾ ಇಲ್ಲೇ ಇದ್ದೀನಲ್ಲ?"

ಅತ್ತೆ ಹೂಂ ಎಂದರು.

ಇವತ್ತಿಗೂ ಅವಳು ಉಣ್ಣುತ್ತಾಳೆ, ನಗುತ್ತಾಳೆ, ನನ್ನ ಪಕ್ಕದಲ್ಲೇ ಮಲಗುತ್ತಾಳೆ. ಆದರೆ ಯಾರ ಮೊಬೈಲಿನಲ್ಲೂ ಅವಳ ಚಿತ್ರ ಮೂಡುವುದಿಲ್ಲ. ನಮ್ಮ ಮದುವೆಯ ಆಲ್ಬಮ್ ಕಪಾಟಿನಲ್ಲಿದೆ. ಅದನ್ನು ತೆರೆದು ನೋಡುವ ಧೈರ್ಯ ನಮ್ಮಿಬ್ಬರಿಗೂ ಆಗಿಲ್ಲ.