ಅಪ್ಪನ ಫಿಯೆಟ್ ಜಗ್ಗಲಿಲ್ಲ

“ಆ ಗೇರು ಸರಿ ಮಾಡು ಅಂತ ಯಾರು ಹೇಳಿದ್ರು ನಿಂಗೆ?”

ಆಲಸನತ್ತಂ ಊರಿನ ಗ್ಯಾರೇಜ್ ಶೆಡ್ಡಿನ ಮುಂದೆ ಅಪ್ಪನ ಹಳೇ ಫಿಯೆಟ್‌ನಿಂದ ಇಳಿದ ಸಹನಾಳ ಕಣ್ಣುಗಳು ಕೆಂಪಾಗಿದ್ದವು. ಮೆಕ್ಯಾನಿಕ್ ಮುರಳಿಕೃಷ್ಣ ಕೈ ಒರೆಸುವುದನ್ನೂ ಮರೆತು ನಿಂತ. ಹೊಗಳಿಕೆಗೆ ಕಾದಿದ್ದವನಿಗೆ ಸಿಕ್ಕಿದ್ದು ಇದು, ಪಾಪ!

ಅಪ್ಪ ಹನುಮಂತರಾಯಪ್ಪ ತೀರಿಕೊಂಡ ಮೇಲೆ ಕಾರು ಮನೆ ಮುಂದೆ ಧೂಳು ತಿನ್ನುತ್ತ ನಿಂತಿತ್ತು. ದಿನಾ ಕೆಲಸಕ್ಕೆ ಓಡಿಸುವಂತೆ ಮಾಡಿಕೊಡು ಎಂದು ಕೇಳಿದ್ದವಳು ಅವಳೇ. ಅವನು ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಟೈಮಿಂಗ್ ಕೂರಿಸಿದ, ಕ್ಲಚ್ ಹಗುರ ಮಾಡಿದ. ಎರಡನೇ ಗೇರು ಹಾಕಿದಾಗ ಕಾರು ಮುಗ್ಗರಿಸುವಂತೆ ಬರುತ್ತಿದ್ದ ಜಗ್ಗೂ ಹೋಗಿತ್ತು.

ಆದರೆ ಸಹನಾಳಿಗೆ ಅಪ್ಪ ಅಂದರೆ ಆ ಜಗ್ಗೇ ಆಗಿತ್ತು...

ಫ್ಯಾಕ್ಟರಿಗೆ ರಜೆ ಇದ್ದ ಭಾನುವಾರ ಅಪ್ಪ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜವಳಗಿರಿ ಕಡೆ ಹೊರಡುತ್ತಿದ್ದರು. ಎರಡನೇ ಗೇರು ಬಿತ್ತೆಂದರೆ ಪುಟ್ಟ ಸಹನಾ ಮುಂದಕ್ಕೆ ಮುಗ್ಗರಿಸುವಳು. ಅಪ್ಪನ ಎಡಗೈ ಥಟ್ಟನೆ ಅಡ್ಡ ಬರುತ್ತಿತ್ತು. ಆ ಕೈಯ ನೆನಪನ್ನೇ ಇವನು ಅಳಿಸಿಬಿಟ್ಟನಲ್ಲ!

ಮೊದಲಿನ ಹಾಗೇ ಮಾಡಿಕೊಡು ಎಂದು ಜಗಳಕ್ಕೇ ನಿಂತಳು. ಚಿಕ್ಕಂದಿನಿಂದ ಬಲ್ಲವನು, ತನ್ನ ಮನಸ್ಸೂ ಅವನಿಗೆ ಗೊತ್ತು ಎಂದುಕೊಂಡಿದ್ದಳು. ಅದಕ್ಕೇ ನೋವು ಹೆಚ್ಚು.

ಮುರಳಿ ಮೆಲ್ಲಗೆ ಹೇಳಿದ, “ನಿಮ್ಮಪ್ಪ ಆ ಗೇರಿಗೆ ಬಯ್ಕೊಂಡೇ ಶೆಡ್ಡಿಗೆ ಬರೋರು ಸಹನಾ. ‘ನನ್ ಮಗಳು ಓಡ್ಸೋ ಹೊತ್ಗೆ ಇದು ಸರಿಯಾಗ್ಬೇಕು ಕಣ್ಲಾ’ ಅನ್ನೋರು. ಆಗ ಪಾರ್ಟು ಸಿಗ್ಲಿಲ್ಲ. ಈಗ ಹುಡುಕಿ ತಂದು ಹಾಕ್ದೆ.”

ಸಹನಾ ಕಾರಿನ ಬಾಗಿಲು ತೆಗೆದು ಮತ್ತೆ ಹತ್ತಿ ಕುಳಿತಳು, ಅವನೂ ಪಕ್ಕಕ್ಕೆ ಬಂದ. ಕಾರು ತಳಿ ಊರು ದಾಟಿ ಜವಳಗಿರಿ ಕಾಡಿನ ದಾರಿ ಹಿಡಿಯಿತು. ತಿರುವಿನ ಏರಿನಲ್ಲಿ ಎರಡನೇ ಗೇರು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಬಿತ್ತು. ಇಂಜಿನ್ ಖುಷಿಯಿಂದ ಎಳೆಯಿತು. ಮುಂದಿನ ತಿರುವು ಬೇಗ ಬರಲಿ ಅನ್ನಿಸಿ ಸಹನಾಳಿಗೇ ನಗು ಬಂತು, ಹಿಂದೆಯೇ ಅಳು.

ಅಪ್ಪ ಬಯಸಿದ್ದು ಇದನ್ನೇ... ತಾನು ಹೀಗೆ ಹಾಯಾಗಿ ಓಡಿಸಲಿ ಅಂತ!

ಕಾರು ಬದಿಗೆ ನಿಲ್ಲಿಸಿದಳು. “ನೀನ್ಯಾಕೆ ಇಷ್ಟು ಕಷ್ಟಪಟ್ಟೆ?”

“ನೀನು ದಿನಾ ಖುಷಿಯಾಗಿ ಓಡಾಡೋದು ನೋಡ್ಬೇಕಿತ್ತು.”

“ನೋಡಿದ್ರೆ ಸಾಕಾ?”

“ಸಾಲ್ದು,” ಅಂದ ಅವನು, ಕಿವಿಯವರೆಗೂ ಕೆಂಪಾಗಿ. “ಹಿಂಗೇ ಪಕ್ಕದಾಗೆ ಕೂತ್ಕೊಂಡು ಬರ್ಬೇಕು. ಜೀವ ಇರೋತಂಕ.”

ಅವಳು ಕಣ್ಣೊರೆಸಿಕೊಂಡಳು.

“ನಂಗೆ ಬಾಯಿ ಜೋರು, ಮುರಳಿ. ಅದನ್ನೂ ಸರಿ ಮಾಡ್ಬಿಡ್ತೀಯಾ?”

“ಊಹ್ಞೂ... ಅದು ಹಂಗೇ ಇರ್ಲಿ.”