ಒಣಗದ ಸಾಲು

ಇದು ನಡೆದದ್ದು ಹಾಡಹಗಲಲ್ಲಿ. ಅತ್ತೆಯೂ ನನ್ನ ಜೊತೆಗಿದ್ದರು.

ಜಪಾನಿನ ಹೊಕ್ಕೈಡೊ ದ್ವೀಪದ ನಮ್ಮ ದಂಡೆಯಲ್ಲಿ, ಸಾರಿಗೆ ರುಚಿ ಕೊಡುವ ಕಡಲಪಾಚಿಯನ್ನು ಬೆಳಿಗ್ಗೆ ಕಿತ್ತು ತಂದು ಸಂಜೆಯೊಳಗೆ ಉರುಟು ಕಲ್ಲುಗಳ ಮೇಲೆ ಒಣಗಿಸುತ್ತೇವೆ. ಆಳುದ್ದದ ಪಟ್ಟಿಗಳನ್ನು ಬುಡ ಗುಡ್ಡದ ಕಡೆಗೆ, ತುದಿ ಕಡಲ ಕಡೆಗೆ ಬರುವಂತೆ ಹಾಸಬೇಕು. ನನ್ನ ಗಂಡ ಕಿಹಾಚಿ ಎಡಚ. ಅವನೊಬ್ಬ ಮಾತ್ರ ಹಿಂದುಮುಂದಾಗಿ ಹಾಸಿ ದಿನಾ ಅಮ್ಮನಿಂದ ಬೈಸಿಕೊಳ್ಳುತ್ತಿದ್ದ. ಹೋದ ವರ್ಷ ಅವನ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ.

ಈ ಬೇಸಿಗೆಯಲ್ಲಿ ಒಂದು ದಿನ ಅತ್ತೆಯೂ ನಾನೂ ಹಾಸಿ ಮುಗಿಸಿ, ಅಲ್ಲೇ ಕೂತು ಅನ್ನದುಂಡೆ ತಿಂದೆವು. ತಿರುಗಿ ನೋಡಿದರೆ ಕೊನೆಯ ಸಾಲು ಪೂರ್ತಿ ಹಿಂದುಮುಂದಾಗಿತ್ತು.

"ಅತ್ತೆ, ನೀವೇನಾದ್ರೂ ಮುಟ್ಟಿದ್ರಾ?"

"ನಿನ್ನ ಪಕ್ಕದಲ್ಲೇ ಕೂತಿದ್ನಲ್ಲೇ ಮಾರಾಯ್ತಿ!"

ಅಂಗಾಲು ಸುಡುವ ಬಿಸಿಲು. ಆ ಸಾಲಿನ ಅಡಿಯ ಕಲ್ಲುಗಳು ಮಾತ್ರ ಮಂಜಿನಂತೆ ತಣ್ಣಗಿದ್ದವು. ಅತ್ತೆ ಮಂಡಿಯೂರಿ ಸವರಿ ನೋಡಿದರು.

"ಎಷ್ಟು ಸಲ ಹೇಳೋದೋ ಎಡಚಾ, ಬುಡ ಗುಡ್ಡದ ಕಡೆಗಿರ್ಬೇಕು ಅಂತ..." ಬೈಗುಳ ಅರ್ಧಕ್ಕೇ ಅಳುವಾಯಿತು.

ನಾನು ಸರಿಮಾಡಲು ಬಗ್ಗಿದೆ. ಅವರು ಕೈ ಹಿಡಿದರು.

"ಬೇಡ್ವೇ. ಅವನು ಹಾಕಿದ ಹಾಗೇ ಇರ್ಲಿ."

ಸಂಜೆಗೆ ಮಿಕ್ಕದ್ದೆಲ್ಲ ಗರಿಗರಿಯಾಗಿ ಒಣಗಿತ್ತು. ಆ ಸಾಲನ್ನು ಮಾರಲಿಲ್ಲ, ಸಾರಿಗೂ ಹಾಕಲಿಲ್ಲ. ಈಗ ಚಳಿಗಾಲ; ಹಗಲಿರುಳು ಉರಿಯುವ ಒಲೆಯ ಮೇಲೆಯೇ ಅದನ್ನು ತೂಗುಹಾಕಿದ್ದೇವೆ. ಇವತ್ತು ಬೆಳಿಗ್ಗೆಯೂ ಅದರಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು.