ಕುರಿ ತಿಂದ ಕೊನೆಯ ಅಧ್ಯಾಯ

ಬಸವನ ಬಾಗೇವಾಡಿಯ ಟೀಚರು ಸುಮಿತ್ರಾಬಾಯಿ ಬಸ್ಸಿಳಿದು, ರಣಬಿಸಿಲಲ್ಲಿ ಎರಡು ಮೈಲು ನಡೆದು ಮನಗೂಳಿಯ ಹೊಲ ಮುಟ್ಟಿದಾಗ ಬಸಂತರಾಯ ಕುರಿಗಳ ನಡುವೆ ನಿಂತಿದ್ದ. ಎಪ್ಪತ್ತೈದರ ಆ ಬೇಸಿಗೆಯಲ್ಲಿ ಊರೆಲ್ಲ ಸರ್ಕಾರಿ ಗೊಬ್ಬರದ ಚೀಲಕ್ಕೆ ಸಾಲುಗಟ್ಟಿದ್ದರೆ, ಇವನೊಬ್ಬ ಕುರಿಗಾರ ಖಂಡೆಪ್ಪನನ್ನು ಕರೆಸಿ ತನ್ನ ನಾಲ್ಕೆಕರೆಯಲ್ಲಿ ಹಿಂಡು ನಿಲ್ಲಿಸಿದ್ದ. ಮಣ್ಣಿಗೆ ಹಿಕ್ಕೆಯೇ ಊಟ ಎಂಬುದು ಅವನ ಹಟ.

ಆ ಹಟ ಅವಳಿಗೆ ಇಷ್ಟವೇ. ಆದರೆ ಮನಗೂಳಿಯ ಸೋದರತ್ತೆಯ ನೆಪ ಹೇಳಿ, ಮೂರು ವರ್ಷದಿಂದ ರವಿವಾರ ತಪ್ಪದೆ ಬಂದು ಅವನ ಕಾದಂಬರಿಯನ್ನು ದುಂಡಗೆ ಪ್ರತಿ ಮಾಡಿಕೊಡುತ್ತಿದ್ದವಳ ತಾಳ್ಮೆ ತೀರಿತ್ತು. ಕಾದಂಬರಿ ಮುಗಿದ ದಿನವೇ ನಿಮ್ಮಪ್ಪನಲ್ಲಿ ಹೆಣ್ಣು ಕೇಳುತ್ತೇನೆಂದು ಅವನೇ ಮಾತು ಕೊಟ್ಟಿದ್ದ. ಒಂದು ವಾರ ಒಡ್ಡು ಒಡೆದಿತ್ತು, ಇನ್ನೊಂದು ವಾರ ತೊಗರಿ ಕೊಯ್ಯಬೇಕಿತ್ತು. ಈಗ ಗುರುವಾರ ಸಿಂದಗಿಯಿಂದ ಅವಳನ್ನು ನೋಡಲು ಗಂಡಿನವರು ಬರುವವರಿದ್ದರು.

“ಕೊನೀ ಅಧ್ಯಾಯ ಕೊಡ್ರಿ,” ಎಂದಳು, ನೆರಳಿಗೂ ಹೋಗದೆ.

ಅವನು ಅವಳ ಬೆವರಿದ ಹಣೆ ನೋಡಿದ, ಕಿವಿಯ ಬಳಿ ಅಂಟಿದ ಕೂದಲು ನೋಡಿದ, ಕಣ್ಣು ಮಾತ್ರ ನೋಡಲಿಲ್ಲ.

“ಕುರಿ ತಿಂದ್ವು.”

“ಏನಂದ್ರಿ?”

“ಒಡ್ಡಿನ ಮ್ಯಾಲ ಕುಂತು ಬರ್ಯಾಕತ್ತಿದ್ದೆ. ನೀರ ಕುಡದು ಬರೂದ್ರಾಗ ತಿಂದ ಮುಗಿಸಿದ್ವು. ಹೋಗ್ಲಿ ಬಿಡು, ಮುಂದಿನ ವರ್ಷ ಜೋಳದಾಗ ಬರ್ತೈತಿ.”

ಎಂದು ನಕ್ಕ. ಬೇರೆ ದಿನವಾಗಿದ್ದರೆ ಆ ನಗುವಿಗೆ ಅವಳು ಕರಗಿಬಿಡುತ್ತಿದ್ದಳು. ಇವತ್ತು ಮೈಯೆಲ್ಲ ಉರಿಯಿತು.

“ರೊಟ್ಟಿ ಬಡಿಯೂಮುಂದ ಓದ್ಲೇನ್ರಿ? ಆ ಹೊತ್ತಿಗೆ ನಾ ಸಿಂದಗ್ಯಾಗ ಇನ್ನೊಬ್ಬರ ಮನಿ ರೊಟ್ಟಿ ಬಡ್ಯಾಕತ್ತಿರ್ತೇನಿ!”

ಅಷ್ಟರಲ್ಲಿ ಖಂಡೆಪ್ಪ ಕೋಲೂರಿಕೊಂಡು ಬಂದ. “ಟೀಚರ್ ಬಾಯಾರ, ನನ್ನ ಕುರಿ ಮ್ಯಾಲ ಅಪವಾದ ಹೊರಸಬ್ಯಾಡ್ರಿ. ಅವು ತಿಂದಿದ್ದು ಎರಡ ಹಾಳಿ. ಉಳಿದದ್ದು ಇವರ ಕೈಯಾರೆ ಹರದು ಒಗದ್ರು, ನಾ ಕಣ್ಣಾರೆ ನೋಡೇನಿ.”

ಬಸಂತರಾಯನ ಮುಖ ಬಾಡಿತು.

“ಯಾಕ್ರಿ?”

“ಮುಗಿಸಿದ್ರ ನಿಮ್ಮಪ್ಪನ ಮುಂದ ನಿಂದರಬೇಕಲ್ಲ. ಕಥಿ ಬರಕೋತ ಹಿಕ್ಕಿ ನಂಬಿದ ಹುಚ್ಚಗ ಮಗಳ್ನ ಕೊಡಂಗಿಲ್ಲ ಅಂದ್ರ? ಮುಗಿಸದಿದ್ರ ನೀ ರವಿವಾರಕ್ಕೊಮ್ಮೆರೆ ಬರ್ತೀ. ಮೂರು ಸಲ ಮುಗಿಸಿ, ಮೂರೂ ಸಲ ಹರದೇನಿ. ನೀ ಇಲ್ದ ನನಗ ಆಗಂಗಿಲ್ಲ, ಸುಮಿತ್ರಾ.”

ಮೂರು ವರ್ಷ ಕಾದಿದ್ದ ಮಾತು ಇಂಥ ಹೇಡಿತನದ ಜೊತೆಗೆ ಬರಬೇಕೆ! ಅಳು ಬಂತು, ಸಿಟ್ಟು ಬಂತು, ಅವನ ಮಣ್ಣು ಮೆತ್ತಿದ ಕೈ ಹಿಡಿಯಬೇಕೆಂದೂ ಅನಿಸಿತು.

“ಚಪ್ಪಲಿ ಹಾಕ್ಕೋರಿ. ಮೂರೂವರಿಗೆ ಬಸ್ಸೈತಿ.”

“ಈಗಿಂದೀಗ? ಕಾದಂಬರಿ ಇನ್ನೂ...”

“ನಮ್ಮಪ್ಪ ಕಾದಂಬರಿ ಓದಂಗಿಲ್ರಿ. ಅವರು ಒಲ್ಲೆ ಅಂದ್ರ ಜವಾಬು ನಾ ಕೊಡ್ತೇನಿ. ನೀವು ಬಾಜೂಕ ನಿಂತ್ರ ಸಾಕು.”

“ಹೋಗ್ರಿ, ಹೊಲ ನಾ ನೋಡ್ಕೋತೇನಿ,” ಎಂದ ಖಂಡೆಪ್ಪ.

ಬಸ್ಸು ಬಂತು. ಸುಮಿತ್ರಾಬಾಯಿ ಅವನನ್ನು ಮೊದಲು ಹತ್ತಿಸಿದಳು, ಕಿಟಕಿಯ ಬದಿಗೆ ಕೂಡಿಸಿದಳು, ಈಚೆ ಬದಿಗೆ ತಾನು ಕೂತಳು. ಬಾಗೇವಾಡಿ ಬರುವವರೆಗೂ ಅವನಿಗೆ ಇಳಿಯಲು ದಾರಿ ಬಿಡಲಿಲ್ಲ.